ಮ್ಯಾಕ್ಸ್ ಫಾನ್ ಸಿಡೋ ಚಿತ್ರಗಳು: ಎಲ್ಲಿಂದ ಶುರು ಮಾಡಬೇಕು, ಯಾವ ಪ್ರತಿ ನೋಡಬೇಕು

“ಸೆವೆಂತ್ ಸೀಲ್ ಅರ್ಧಕ್ಕೇ ನಿಲ್ಲಿಸಿಬಿಟ್ಟೆ, ಮುಂದೇನು ನೋಡಲಿ?” “ಎಕ್ಸಾರ್ಸಿಸ್ಟ್‌ನಲ್ಲೇ ಮುದುಕ, ಗೇಮ್ ಆಫ್ ಥ್ರೋನ್ಸ್‌ನಲ್ಲೂ ಮುದುಕ, ಈ ಮನುಷ್ಯನಿಗೆ ವಯಸ್ಸೆಷ್ಟು?” ಸ್ವೀಡನ್ನಿನ ನಟ ಮ್ಯಾಕ್ಸ್ ಫಾನ್ ಸಿಡೋ ಹೆಸರು ಬಂದಾಗಲೆಲ್ಲ ಓದುಗರು ಕೇಳುವ ಪ್ರಶ್ನೆಗಳು ಇವೆರಡೇ.

ಎರಡನೆಯದಕ್ಕೆ ಉತ್ತರ ಸುಲಭ. ಹುಟ್ಟಿದ್ದು 1929ರ ಏಪ್ರಿಲ್ 10, ದಕ್ಷಿಣ ಸ್ವೀಡನ್ನಿನ ಲುಂಡ್ ಪಟ್ಟಣದಲ್ಲಿ. ತೀರಿಕೊಂಡಿದ್ದು 2020ರ ಮಾರ್ಚ್ 8, ಫ್ರಾನ್ಸಿನ ಪ್ರೊವಾನ್ಸ್‌ನಲ್ಲಿ. 1973ರಲ್ಲಿ ತೆರೆಕಂಡ ಎಕ್ಸಾರ್ಸಿಸ್ಟ್‌ನ ಆ ಮುದಿ ಪಾದ್ರಿಗೆ ನಿಜದಲ್ಲಿ 44 ವರ್ಷ. ಉಳಿದ ಮೂವತ್ತು ವರ್ಷ ಮೇಕಪ್ ಕಲಾವಿದ ಡಿಕ್ ಸ್ಮಿತ್ ಅವರ ಕೈಚಳಕ.

ಮೊದಲ ಪ್ರಶ್ನೆಗೆ ಉತ್ತರವಾಗಿ ಈ ಲೇಖನ. ಏಳು ದಶಕ ದುಡಿದ ನಟನ ಎಲ್ಲ ಚಿತ್ರಗಳನ್ನೂ ನೋಡಲು ಯಾರಿಂದಲೂ ಆಗದು, ನೋಡಬೇಕಾಗಿಯೂ ಇಲ್ಲ. ಸರಿಯಾದ ಹದಿನೈದು ಚಿತ್ರಗಳನ್ನು ಸರಿಯಾದ ಪ್ರತಿಯಲ್ಲಿ, ಸರಿಯಾದ ಸರದಿಯಲ್ಲಿ ನೋಡಿದರೆ ಸಾಕು. ವಾರಕ್ಕೆ ಎರಡರಂತೆ ಸುಮಾರು ಎರಡು ತಿಂಗಳಿನ ಕೆಲಸ. ಒಂದು ನೋಟ್‌ಪುಸ್ತಕ ಇಟ್ಟುಕೊಳ್ಳಿ. ಇನ್ನೊಂದು ಮಾತು ಈಗಲೇ: ಈ ನಟನ ಮುಖದ ಬಗ್ಗೆ ಎಲ್ಲರೂ ಬರೆದಿದ್ದಾರೆ. ನೀವು ಕೈ ನೋಡಿ. ಯಾಕೆ ಅನ್ನುವುದು ನಾಲ್ಕನೇ ಹಂತದಲ್ಲಿದೆ.

1. ಮೊದಲು ಹೆಸರುಗಳನ್ನು ಸರಿ ಮಾಡಿಕೊಳ್ಳಿ

ನಟನ ಹುಟ್ಟುಹೆಸರು ಕಾರ್ಲ್ ಅಡಾಲ್ಫ್. ಸೈನ್ಯದ ಕಡ್ಡಾಯ ಸೇವೆಯಲ್ಲಿದ್ದಾಗ ‘ಮ್ಯಾಕ್ಸ್’ ಆದರು. ಚಿಗಟಗಳ ಸರ್ಕಸ್ ಒಂದರ ‘ತಾರಾಚಿಗಟ’ದ ಹೆಸರದು! ಇಂಗ್ಲಿಷಿನವರು ‘ವಾನ್ ಸಿಡೋ’ ಎನ್ನುತ್ತಾರೆ, ಸ್ವೀಡಿಶ್‌ನಲ್ಲಿ ‘ಫೊನ್ ಸೀಡೊವ್’ ಎಂಬುದಕ್ಕೆ ಹತ್ತಿರ. ಗ್ರಂಥಾಲಯದ ಪಟ್ಟಿಗಳಲ್ಲಿ ಕೆಲವು ‘ಸಿಡೋ’ ಅಡಿಯಲ್ಲೂ ಕೆಲವು ‘ವಾನ್’ ಅಡಿಯಲ್ಲೂ ಇಟ್ಟಿರುತ್ತವೆ. ಒಂದು ಕಡೆ ಸಿಗದಿದ್ದರೆ ಇನ್ನೊಂದು ಕಡೆ ಹುಡುಕಿ.

ನಿಜವಾದ ಎಡವಟ್ಟು ಚಿತ್ರಗಳ ಹೆಸರಿನಲ್ಲಿ. ಒಂದೇ ಚಿತ್ರಕ್ಕೆ ಅಮೆರಿಕದಲ್ಲಿ ಒಂದು ಹೆಸರು, ಬ್ರಿಟನ್ನಿನಲ್ಲಿ ಇನ್ನೊಂದು. 1958ರ ‘ಆನ್‌ಸಿಕ್ಟೆತ್’ ಅಂದರೆ ಸ್ವೀಡಿಶ್‌ನಲ್ಲಿ ‘ಮುಖ’. ಬ್ರಿಟನ್ನಿನಲ್ಲಿ ಅದು ‘ದಿ ಫೇಸ್’, ಅಮೆರಿಕದಲ್ಲಿ ‘ದಿ ಮೆಜಿಶಿಯನ್’. 1969ರ ಚಿತ್ರದ ಮೂಲ ಹೆಸರು ಬರೀ ‘ಎನ್ ಪ್ಯಾಶನ್’, ಅಮೆರಿಕದವರು ಅದನ್ನು ‘ದಿ ಪ್ಯಾಶನ್ ಆಫ್ ಅನ್ನಾ’ ಮಾಡಿದರು. ಎರಡು ಚಿತ್ರ ಎಂದುಕೊಂಡು ಒಂದನ್ನೇ ಎರಡು ಸಲ ಕೊಂಡವರಿದ್ದಾರೆ. ಅನುಮಾನ ಬಂದರೆ ಸ್ವೀಡಿಶ್ ಫಿಲ್ಮ್ ಇನ್‌ಸ್ಟಿಟ್ಯೂಟ್ ನಡೆಸುವ ‘ಸ್ವೆನ್ಸ್ಕ್ ಫಿಲ್ಮ್‌ಡಾಟಾಬಾಸ್’ ಜಾಲತಾಣದಲ್ಲಿ ಮೂಲ ಹೆಸರು, ವರ್ಷ, ಅವಧಿ ನೋಡಿ ತಾಳೆ ಹಾಕಿ.

ಸೆವೆಂತ್ ಸೀಲ್ ಮಾಡಿದ ಸ್ವೀಡನ್ನಿನ ನಿರ್ದೇಶಕ ಇಂಗ್ಮಾರ್ ಬರ್ಗ್‌ಮನ್ ಅವರ 11 ಚಲನಚಿತ್ರಗಳಲ್ಲಿ ಸಿಡೋ ಇದ್ದಾರೆ. ಕೆಲವು ಪಟ್ಟಿಗಳಲ್ಲಿ 13 ಎಂದಿರುತ್ತದೆ. ಅದು 1957–58ರ ಎರಡು ಟಿ.ವಿ. ನಾಟಕಗಳನ್ನು ಸೇರಿಸಿದ ಲೆಕ್ಕ, ತಪ್ಪಲ್ಲ. ಆದರೆ ‘ಪರ್ಸೋನಾ’, ‘ಕ್ರೈಸ್ ಅಂಡ್ ವಿಸ್ಪರ್ಸ್’, ‘ಫ್ಯಾನಿ ಅಂಡ್ ಅಲೆಕ್ಸಾಂಡರ್’ ಇವುಗಳಲ್ಲಿ ಅವರಿಲ್ಲ. ಬರ್ಗ್‌ಮನ್ ಅಂದರೆ ಸಿಡೋ ಇದ್ದೇ ಇರುತ್ತಾರೆ ಎಂದು ಕಾದು ಕೂರಬೇಡಿ. ‘ವೈಲ್ಡ್ ಸ್ಟ್ರಾಬೆರೀಸ್’ನಲ್ಲಿ ಇದ್ದಾರೆ, ಆದರೆ ಪೆಟ್ರೋಲ್ ಬಂಕ್‌ನವನಾಗಿ ಕೆಲವೇ ನಿಮಿಷ. ಚಿತ್ರ ಅದ್ಭುತ, ನಮ್ಮ ಪಟ್ಟಿಗೆ ಬೇಡ.

2. ಪ್ರತಿ ಆರಿಸುವುದು

ಇಲ್ಲಿ ಅವಸರ ಮಾಡಿದರೆ ಮುಂದಿನದೆಲ್ಲ ವ್ಯರ್ಥ. ಸಿಡೋ ಚಿತ್ರಗಳಲ್ಲಿ ಕತ್ತರಿ ಬಿದ್ದ ಪ್ರತಿಗಳು, ಡಬ್ ಆದ ಪ್ರತಿಗಳು ಬಹಳ.

ಅವಧಿಯನ್ನು ಮೊದಲು ನೋಡಿ. ‘ದಿ ಎಮಿಗ್ರಂಟ್ಸ್’ (1971) ಪೂರ್ತಿ ಪ್ರತಿ ಸುಮಾರು 191 ನಿಮಿಷ, ಅದರ ಮುಂದುವರಿದ ಭಾಗ ‘ದಿ ನ್ಯೂ ಲ್ಯಾಂಡ್’ (1972) ಸುಮಾರು 202 ನಿಮಿಷ. ಅಮೆರಿಕದಲ್ಲಿ ಇವು ಬಿಡುಗಡೆಯಾದಾಗ ಕತ್ತರಿ ಆಡಿತು, ಇಂಗ್ಲಿಷ್ ಡಬ್ಬಿಂಗೂ ಆಯಿತು. ಎರಡೂವರೆ ಗಂಟೆಗೇ ಮುಗಿಯುವ, ಇಂಗ್ಲಿಷ್ ಮಾತಾಡುವ ಎಮಿಗ್ರಂಟ್ಸ್ ಸಿಕ್ಕರೆ ಮುಟ್ಟಬೇಡಿ. ಇಂಗ್ಲಿಷ್ ಬಾರದೆ ಒದ್ದಾಡುವ ರೈತರ ಕಥೆ ಅದು. ಅವರೇ ಮೊದಲ ದೃಶ್ಯದಿಂದ ಇಂಗ್ಲಿಷ್ ಮಾತಾಡಿಬಿಟ್ಟರೆ ಕಥೆಯಲ್ಲಿ ಏನು ಉಳಿಯಿತು?

ಆದರೆ ಅವಧಿ ಕಡಿಮೆ ಇದ್ದ ಮಾತ್ರಕ್ಕೆ ಕತ್ತರಿಸಿದ ಪ್ರತಿ ಎಂದು ತೀರ್ಮಾನಿಸಬೇಡಿ. ಹಳೆಯ ಪಾಲ್ ಡಿವಿಡಿಗಳಲ್ಲಿ (ಪಾಲ್ ಎಂದರೆ ಭಾರತ, ಯೂರೋಪಿನ ಹಳೆ ಟಿ.ವಿ. ಪದ್ಧತಿ) ಸೆಕೆಂಡಿಗೆ 24 ಚೌಕಟ್ಟಿನ ಚಿತ್ರ 25ರ ವೇಗದಲ್ಲಿ ಓಡುತ್ತದೆ. ಅಂದರೆ ಶೇ. 4ರಷ್ಟು ಬೇಗ. 96 ನಿಮಿಷದ ಸೆವೆಂತ್ ಸೀಲ್ 92 ನಿಮಿಷಕ್ಕೇ ಮುಗಿಯುತ್ತದೆ, ಒಂದು ದೃಶ್ಯವೂ ಹೋಗಿರುವುದಿಲ್ಲ. ಇದರ ತೊಂದರೆ ಬೇರೆ. ವೇಗ ಸರಿಹೊಂದಿಸದ ಡಿಸ್ಕಿನಲ್ಲಿ ಧ್ವನಿಯ ಶ್ರುತಿಯೂ ಸ್ವಲ್ಪ ಮೇಲೇರುತ್ತದೆ. ಈ ನಟನ ಅರ್ಧ ಆಸ್ತಿ ಅವರ ಮಂದ್ರದ ಧ್ವನಿ. ಸಾಧ್ಯವಾದರೆ ಬ್ಲೂ-ರೇ ಅಥವಾ ಸ್ಟ್ರೀಮಿಂಗ್ ಪ್ರತಿಯನ್ನೇ ನೋಡಿ.

ಡಿಸ್ಕ್ ಕೊಳ್ಳುವವರು ರೀಜನ್ ಕೋಡ್ ನೋಡಿಕೊಳ್ಳಿ. ಯಾವ ದೇಶದ ಪ್ಲೇಯರಿನಲ್ಲಿ ಡಿಸ್ಕ್ ಓಡಬೇಕು ಎಂದು ಹಾಕಿರುವ ಬೀಗ ಅದು. ಭಾರತಕ್ಕೆ ಡಿವಿಡಿಯಲ್ಲಿ 5, ಬ್ಲೂ-ರೇಯಲ್ಲಿ ಸಿ. ಅಮೆರಿಕದ ಕ್ರೈಟೀರಿಯನ್ ಕಂಪನಿಯ ಬ್ಲೂ-ರೇಗಳು ಎ. ಅಮೆರಿಕದಲ್ಲಿರುವ ತಮ್ಮನಿಂದ ತರಿಸಿಕೊಂಡ ಡಿಸ್ಕ್ ಇಲ್ಲಿನ ಪ್ಲೇಯರಿನಲ್ಲಿ ಓಡಲಿಲ್ಲ ಎಂದರೆ ಡಿಸ್ಕ್ ಕೆಟ್ಟಿಲ್ಲ. ಎಲ್ಲ ರೀಜನ್ ಓಡಿಸುವ ಪ್ಲೇಯರ್ ಬೇಕು, ಅಷ್ಟೆ. ಅಮೆರಿಕ, ಕೆನಡಾದಲ್ಲಿರುವ ಕನ್ನಡಿಗರಿಗೆ ಈ ತಾಪತ್ರಯವಿಲ್ಲ: ಅದೇ ಕಂಪನಿಯ ಸ್ಟ್ರೀಮಿಂಗ್ ಸೇವೆ ಕ್ರೈಟೀರಿಯನ್ ಚಾನೆಲ್ ಆ ಎರಡು ದೇಶಗಳಲ್ಲಿ ಸಿಗುತ್ತದೆ, ಅಲ್ಲಿನ ಅನೇಕ ಸಾರ್ವಜನಿಕ ಗ್ರಂಥಾಲಯಗಳ ಕಾರ್ಡ್ ಇದ್ದರೆ ಕನೋಪಿ ಎಂಬ ಇನ್ನೊಂದು ಸ್ಟ್ರೀಮಿಂಗ್ ಸೇವೆ ಉಚಿತ. ಭಾರತದಲ್ಲಿ ಸ್ಟ್ರೀಮಿಂಗ್ ಹಕ್ಕುಗಳು ಕೈ ಬದಲಿಸುತ್ತಲೇ ಇರುತ್ತವೆ. ಆದ್ದರಿಂದ ನೋಡುವ ವಾರದಲ್ಲೇ ಹುಡುಕಿ.

ಇನ್ನೆರಡು ಎಚ್ಚರಿಕೆ. ‘ದಿ ಟಚ್’ (1971) ಎರಡು ರೂಪದಲ್ಲಿದೆ: ಪೂರ್ತಿ ಇಂಗ್ಲಿಷ್ ಒಂದು, ಸ್ವೀಡನ್ನಿನವರು ತಮ್ಮತಮ್ಮಲ್ಲಿ ಸ್ವೀಡಿಶ್ ಮಾತಾಡುವುದು ಇನ್ನೊಂದು. ಎರಡನೆಯದೇ ಸರಿ. ಹಾಗೆಯೇ, 1970ರ ದಶಕದ ಇಟಾಲಿಯನ್ ಚಿತ್ರಗಳಲ್ಲಿ ಧ್ವನಿಯನ್ನು ಆಮೇಲೆ ಕೂರಿಸುವ ವಾಡಿಕೆ ಇತ್ತು. ಅವುಗಳನ್ನು ನೋಡಿ ಸಿಡೋ ಧ್ವನಿಯ ಬಗ್ಗೆ ಅಭಿಪ್ರಾಯ ಕಟ್ಟಿಕೊಳ್ಳಬೇಡಿ.

3. ಟಿ.ವಿ. ಸಿದ್ಧ ಮಾಡಿಕೊಳ್ಳಿ

ಐದೇ ನಿಮಿಷದ ಕೆಲಸ. ಬರ್ಗ್‌ಮನ್ನರ ಕಪ್ಪು-ಬಿಳುಪು ಚಿತ್ರಗಳ ಚೌಕಟ್ಟು ಹೆಚ್ಚುಕಡಿಮೆ ಚೌಕ, ಅಗಲ ಎತ್ತರದ 1.37ರಷ್ಟು. ಈಗಿನ ಟಿ.ವಿ.ಗಳದ್ದು 1.78. ಹಾಗಾಗಿ ಎಡಬಲದಲ್ಲಿ ಕಪ್ಪು ಪಟ್ಟಿ ಬರುತ್ತದೆ, ಬರಲಿ. ‘ಜೂಮ್’ ಒತ್ತಿ ಪರದೆ ತುಂಬಿಸಿದರೆ ಮೇಲೆ ಕೆಳಗೆ ಸೇರಿ ಚಿತ್ರದ ಸುಮಾರು ಶೇ. 23 ಭಾಗ ಹೋಗುತ್ತದೆ. ಕೆಳಗಿನಿಂದ ಮೊದಲು ಹೋಗುವುದೇ ಕೈ. ‘ಸ್ಟ್ರೆಚ್’ ಒತ್ತಿದರೆ ತೆಳ್ಳಗೆ, ಆರಡಿ ಮೇಲೆ ಬೆಳೆದ ಮನುಷ್ಯ ಕುಳ್ಳ ಪೈಲ್ವಾನನಾಗುತ್ತಾನೆ. ಮೆನುವಿನಲ್ಲಿ ‘ಸಿನಿಮಾ’ ಮೋಡ್ ಆರಿಸಿ, ‘ಮೋಷನ್ ಸ್ಮೂತಿಂಗ್’ ಬಂದ್ ಮಾಡಿಬಿಡಿ (ಚಲನೆಯನ್ನು ಕೃತಕವಾಗಿ ನಯ ಮಾಡುವ ಸೌಲಭ್ಯ ಅದು, ಹಳೆ ಚಿತ್ರಕ್ಕೆ ಧಾರಾವಾಹಿಯ ಕಳೆ ಬರುತ್ತದೆ). ಕೋಣೆಯ ದೀಪ ಆರಿಸಿ.

4. ಎರಡು ಕಾಲಮ್ಮಿನ ಪಟ್ಟಿ

ಈಗ ನೋಟ್‌ಪುಸ್ತಕ ತೆಗೆಯಿರಿ. ಪುಟದ ಮಧ್ಯೆ ಗೆರೆ. ಎಡಕ್ಕೆ ‘ರಂಗ’, ಬಲಕ್ಕೆ ‘ಸಿನಿಮಾ’. ಈ ಹಂತವನ್ನು ಬಹಳ ಜನ ಹಾರಿಸಿಬಿಡುತ್ತಾರೆ. ಆಮೇಲೆ “ಇಷ್ಟು ಒಳ್ಳೆಯ ನಟ ಎಲ್ಲಿಂದ ಉದುರಿದ?” ಎಂದು ಆಶ್ಚರ್ಯಪಡುತ್ತಾರೆ.

ಎಡಗಡೆ ಹೀಗೆ ಬರೆದುಕೊಳ್ಳಿ: 1948ರಿಂದ 51, ಸ್ಟಾಕ್‌ಹೋಮ್‌ನ ರಾಯಲ್ ಡ್ರಾಮಾಟಿಕ್ ಥಿಯೇಟರ್ (ಎಲ್ಲರೂ ‘ಡ್ರಾಮಾಟೆನ್’ ಎನ್ನುತ್ತಾರೆ) ನಡೆಸುತ್ತಿದ್ದ ನಟನಾಶಾಲೆ. 1951ರಿಂದ 53, ನೊರ್‌ಶೋಪಿಂಗ್-ಲಿನ್‌ಶೋಪಿಂಗ್ ನಗರ ರಂಗಮಂದಿರ. 1953ರಿಂದ 55, ಹೆಲ್ಸಿಂಗ್‌ಬೋರ್ಗ್. 1955ರಿಂದ ಮಾಲ್ಮೊ. 1960ರಿಂದ ಮತ್ತೆ ಡ್ರಾಮಾಟೆನ್. ಬಲಗಡೆ: 1949ರಲ್ಲಿ ಆಲ್ಫ್ ಶೋಬೆರ್ಗ್ ಚಿತ್ರದಲ್ಲಿ ಮೊದಲ ಪಾತ್ರ, 1951ರಲ್ಲಿ ಅದೇ ನಿರ್ದೇಶಕರ ‘ಮಿಸ್ ಜೂಲಿ’ಯಲ್ಲಿ ಚಿಕ್ಕ ಪಾತ್ರ. ಆಮೇಲೆ 1957ರವರೆಗೆ ಹೇಳಿಕೊಳ್ಳುವಂಥದ್ದು ಹೆಚ್ಚೇನಿಲ್ಲ.

ನಗರ ರಂಗಮಂದಿರ ಎಂದರೆ ನಾಟಕದ ಕಟ್ಟಡ ಮಾತ್ರವಲ್ಲ. ನಮ್ಮ ಮೈಸೂರಿನ ರಂಗಾಯಣದ ಹಾಗೆ ಸಂಬಳದ ಕಲಾವಿದರ ರೆಪರ್ಟರಿ: ಒಂದೇ ತಂಡ, ಒಂದರ ಮೇಲೊಂದು ನಾಟಕ. ಮಾಲ್ಮೊದಲ್ಲಿ 1952ರಿಂದ ಬರ್ಗ್‌ಮನ್ ಇದ್ದರು. ಚಳಿಗಾಲವೆಲ್ಲ ನಾಟಕ, ಬೇಸಿಗೆಯಲ್ಲಿ ರಂಗಮಂದಿರಕ್ಕೆ ರಜೆ. ಆ ರಜೆಯಲ್ಲಿ ಅದೇ ಕಲಾವಿದರನ್ನು ಕರೆದುಕೊಂಡು ಸಿನಿಮಾ. ಬಿಬಿ ಆಂಡೆರ್‌ಸನ್, ಇಂಗ್ರಿಡ್ ಥುಲಿನ್, ಗುನ್ನೆಲ್ ಲಿಂಡ್‌ಬ್ಲೋಮ್, ಸಿಡೋ ಎಲ್ಲರೂ ಈ ಮಾಲ್ಮೊ ತಂಡದವರೇ. 1956ರ ಬೇಸಿಗೆಯಲ್ಲಿ ಸೆವೆಂತ್ ಸೀಲ್ ಚಿತ್ರೀಕರಣ ಸುಮಾರು 35 ದಿನದಲ್ಲಿ ಮುಗಿಯಲು ಇದೂ ಕಾರಣ. ಒಬ್ಬರ ಉಸಿರು ಒಬ್ಬರಿಗೆ ಗೊತ್ತಿದ್ದ ಜನ. ಅದೇ ಸುಮಾರಿನಲ್ಲಿ ರಂಗದ ಮೇಲೆ ಸಿಡೋ ಟೆನ್ನೆಸಿ ವಿಲಿಯಮ್ಸ್ ನಾಟಕದ ಬ್ರಿಕ್, 1957ರಲ್ಲಿ ಇಬ್ಸೆನ್ನನ ಪೀರ್ ಗ್ಯೂಂಟ್, ಮೋಲಿಯೇರನ ‘ಮಿಸಾಂತ್ರೋಪ್’ ನಾಟಕದ ಆಲ್ಸೆಸ್ಟ್, 1958ರಲ್ಲಿ ಗಯಟೆಯ ಫೌಸ್ಟ್. ಎಡ ಕಾಲಮ್ಮಿಗೆ ಸೇರಿಸಿ.

ಮಾಲ್ಮೊದ ಮುಖ್ಯ ರಂಗ ದೊಡ್ಡದು. ಅಂಥ ಕಡೆ ಹಿಂದಿನ ಸಾಲಿನವನಿಗೆ ನಟನ ಹುಬ್ಬು ಕಾಣದು. ಕಾಣುವುದು ನಿಲುವು, ಬೆನ್ನು, ಕೈ. ಅಲ್ಲಿ ಪಳಗಿದ ನಟ ಕ್ಯಾಮೆರಾ ಹತ್ತಿರ ಬಂದಾಗ ಮುಖವನ್ನು ಸುಮ್ಮನಿರಿಸಿ ಕೆಲಸವನ್ನು ಕೈಗೆ ವಹಿಸುತ್ತಾನೆ. ಸಿಡೋ ಮಾಡಿದ್ದು ಇದನ್ನೇ ಎಂಬುದು ನಮ್ಮ ಓದು. ಒಪ್ಪಲೇಬೇಕಿಲ್ಲ. ಮುಂದಿನ ಹಂತಗಳಲ್ಲಿ ನೀವೇ ಪರೀಕ್ಷೆ ಮಾಡಿ.

5. ಮೊದಲ ಮೂರು ಸಂಜೆ

ಎಲ್ಲರೂ ಸೆವೆಂತ್ ಸೀಲ್‌ನಿಂದ ಶುರು ಮಾಡುತ್ತಾರೆ, ಅರ್ಧಕ್ಕೇ ಬಿಡುತ್ತಾರೆ. ನೀವು ‘ದಿ ವರ್ಜಿನ್ ಸ್ಪ್ರಿಂಗ್’ನಿಂದ (1960, 89 ನಿಮಿಷ) ಶುರು ಮಾಡಿ. ಕಥೆ ಲಾವಣಿಯಷ್ಟು ನೇರ: ಮಧ್ಯಯುಗದ ಸ್ವೀಡನ್, ಮಗಳನ್ನು ಕೊಂದವರು ಗೊತ್ತಿಲ್ಲದೆ ಅವಳ ಅಪ್ಪನ ಮನೆಗೇ ಆಶ್ರಯ ಕೇಳಿ ಬರುತ್ತಾರೆ. ಎಚ್ಚರಿಕೆ: ಅತ್ಯಾಚಾರ, ಕೊಲೆಯ ದೃಶ್ಯಗಳಿವೆ, ಮಕ್ಕಳ ಜೊತೆ ಕೂತು ನೋಡುವ ಚಿತ್ರವಲ್ಲ. ಬೇಡವೆನಿಸಿದರೆ ಇದನ್ನು ಬಿಟ್ಟು ಎರಡನೆಯದಕ್ಕೆ ಹೋಗಿ.

ಬೆಳೆದ ಮಗಳಿರುವ ಈ ಅಪ್ಪನ ಪಾತ್ರ ಮಾಡುವಾಗ ಸಿಡೋಗೆ 30 ವರ್ಷ. ಸೇಡಿಗೆ ಮುಂಚೆ ಒಂದು ದೃಶ್ಯ ಬರುತ್ತದೆ. ದಿಬ್ಬದ ಮೇಲೆ ಒಂಟಿ ಬರ್ಚ್ ಗಿಡ. ಅಪ್ಪ ಅದನ್ನು ತಬ್ಬಿ, ಜಗ್ಗಿ, ಮೈಯೆಲ್ಲ ಹಾಕಿ ಬಗ್ಗಿಸಿ ನೆಲಕ್ಕೆ ಕೆಡವುತ್ತಾನೆ. ದೂರದಿಂದ ತೆಗೆದ ಚಿತ್ರಿಕೆ, ಮುಖ ಸರಿಯಾಗಿ ಕಾಣುವುದೂ ಇಲ್ಲ, ಮಾತಂತೂ ಇಲ್ಲವೇ ಇಲ್ಲ. ಆ ಕೊಂಬೆಗಳಿಂದ ಮೈಗೆ ಬಡಿದುಕೊಂಡು ಸ್ನಾನ ಮಾಡುತ್ತಾನೆ, ಆಮೇಲೆ ಕತ್ತಿ. ಕೊನೆಯಲ್ಲಿ ದೇವರನ್ನು ಪ್ರಶ್ನಿಸುವಾಗ ನಟ ನಮಗೆ ಬೆನ್ನು ಹಾಕಿದ್ದಾನೆ. ಚಿತ್ರದ ಅತಿ ಮುಖ್ಯ ಮಾತನ್ನು ಬೆನ್ನು ಹಾಕಿ ಆಡುವ ಧೈರ್ಯ ರಂಗದಿಂದ ಬಂದದ್ದು. ಈ ಎರಡು ದೃಶ್ಯಗಳನ್ನು ಚಿತ್ರ ಮುಗಿದ ಮೇಲೆ ಧ್ವನಿ ಬಂದ್ ಮಾಡಿ ಇನ್ನೊಮ್ಮೆ ನೋಡಿ.

ಎರಡನೇ ಸಂಜೆ ‘ದಿ ಸೆವೆಂತ್ ಸೀಲ್’ (1957, 96 ನಿಮಿಷ). ಜನ ಅರ್ಧಕ್ಕೇ ಬಿಡಲು ಕಾರಣವಿದೆ: ಇದು ಭಾರೀ ತತ್ತ್ವದ ಚಿತ್ರ, ಸಾವಿನ ಜೊತೆ ಚದುರಂಗ, ನಗಬಾರದು ಎಂದು ಭಯಭಕ್ತಿಯಿಂದ ಕೂರುತ್ತಾರೆ. ನಗಿ. ಬರ್ಗ್‌ಮನ್ ನಗಿಸಲೆಂದೇ ಹಾಕಿದ ದೃಶ್ಯಗಳು ಇದರಲ್ಲಿ ಬೇಕಾದಷ್ಟಿವೆ. ಮರ ಏರಿ ಕೂತ ನಾಟಕದವನನ್ನು ಸಾವು ಕೆಳಗಿನಿಂದ ಗರಗಸ ಹಾಕಿ ಕೊಯ್ಯುವುದು ಅದರಲ್ಲೊಂದು. ಧರ್ಮಯುದ್ಧದಿಂದ ಹತ್ತು ವರ್ಷಕ್ಕೆ ಮರಳಿದ ಯೋಧನಾಗಿ 27ರ ಸಿಡೋ. ಬೆಟ್ಟದ ಬದಿಯಲ್ಲಿ ಸಂಜೆ ಹೊತ್ತು, ಅಲೆಮಾರಿ ನಟನ ಹೆಂಡತಿ ಕಾಡುಹಣ್ಣು, ಹಾಲು ಕೊಡುತ್ತಾಳೆ. ಯೋಧ ಹಾಲಿನ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು, ಈ ಗಳಿಗೆಯ ನೆನಪನ್ನು ತುಂಬಿದ ಬಟ್ಟಲಿನಂತೆ ತುಳುಕದೆ ಒಯ್ಯುತ್ತೇನೆ ಎಂಬರ್ಥದ ಮಾತಾಡುತ್ತಾನೆ. ಉಪಶೀರ್ಷಿಕೆ ಓದುತ್ತ ಬಟ್ಟಲು ನೋಡುವುದನ್ನು ಮರೆಯುತ್ತೇವೆ. ಮೊದಲ ಸಲ ಮಾತು ಓದಿ, ಹಿಂದೆ ಹೋಗಿ ಎರಡನೇ ಸಲ ಬಟ್ಟಲು ನೋಡಿ.

ಮೂರನೆಯದು ‘ವಿಂಟರ್ ಲೈಟ್’ (1963, ಸುಮಾರು 81 ನಿಮಿಷ). ಸಿಡೋ ಪಾತ್ರ ಚಿಕ್ಕದು: ಚೀನಾ ಅಣುಬಾಂಬ್ ಮಾಡುತ್ತದಂತೆ ಎಂಬ ಚಿಂತೆಯಲ್ಲಿ ಕುಗ್ಗಿಹೋದ ಬೆಸ್ತ. ಸಮಾಧಾನ ಹೇಳಬೇಕಾದ ಪಾದ್ರಿ ತನ್ನ ದುಃಖವನ್ನೇ ತೋಡಿಕೊಳ್ಳುತ್ತಾನೆ, ಇವನು ಹೆಚ್ಚುಕಡಿಮೆ ಬಾಯಿ ಬಿಡದೆ ಕೇಳುತ್ತಾನೆ. ಕೇಳುವುದೂ ನಟನೆಯೇ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಪಾಠ ಸಿಗದು. ಮೂರನ್ನೂ ಒಂದೇ ದಿನ ನೋಡಬೇಡಿ. ನೋಡಿದರೆ ನಾಲ್ಕನೆಯದು ನೋಡುವುದಿಲ್ಲ.

6. ಅಂಜುಬುರುಕನ ಸರದಿ

ಇಲ್ಲಿಯವರೆಗೆ ನೋಡಿದ್ದು ಗಟ್ಟಿ ಮನುಷ್ಯರನ್ನು. 1968–69ರಲ್ಲಿ ತೆರೆಕಂಡ, ದ್ವೀಪದಲ್ಲಿ ನಡೆಯುವ ಚಿತ್ರಗಳಲ್ಲಿ ಬರ್ಗ್‌ಮನ್ ಇದೇ ನಟನನ್ನು ಟೊಳ್ಳು ಮಾಡಿದರು. ಮೂರು ಚಿತ್ರಗಳಲ್ಲಿ ಎರಡು ಸಾಕು. ‘ಅವರ್ ಆಫ್ ದಿ ವುಲ್ಫ್’ ಭಯದ ಚಿತ್ರ ಇಷ್ಟಪಡುವವರಿಗೆ ಮಾತ್ರ.

‘ಶೇಮ್’ (1968, ಸುಮಾರು 103 ನಿಮಿಷ) ಕಡ್ಡಾಯ. ಯುದ್ಧ ಬಂದಾಗ ಪಿಟೀಲು ನುಡಿಸುವವನೊಬ್ಬ ಏನಾಗುತ್ತಾನೆ ಎಂಬ ಕಥೆ. ಈ ಚಿತ್ರದಲ್ಲಿ ಅವನ ಕೈಗೆ ಬಂದೂಕು ಬರುವ ಪ್ರತಿ ಸಂದರ್ಭವನ್ನೂ ನೋಟ್‌ಪುಸ್ತಕದಲ್ಲಿ ಬರೆದುಕೊಳ್ಳಿ. ಮೊದಲು ಒಂದು ಕೋಳಿಗೂ ಗುಂಡು ಹೊಡೆಯಲಾಗದೆ ತಡವರಿಸುತ್ತಾನೆ. ನೋಡುವವರಿಗೆ ನಗು ಬರುತ್ತದೆ. ಆಮೇಲೆ ಪರಿಚಯದ ಮನುಷ್ಯನಿಗೆ, ಕೊನೆಗೆ ಸೈನ್ಯ ಬಿಟ್ಟು ಓಡಿಬಂದ ಹುಡುಗನಿಗೆ. ಬಂದೂಕು ಹಿಡಿಯುವ ರೀತಿ ಬದಲಾದಂತೆ ನಡಿಗೆಯೂ ಬದಲಾಗುತ್ತದೆ. ನಾಚಿಕೆ ಹೋದ ಮನುಷ್ಯ ಸಲೀಸಾಗಿ ನಡೆಯುತ್ತಾನೆ.

‘ಎನ್ ಪ್ಯಾಶನ್’ (1969, 101 ನಿಮಿಷ) ನೋಡಬೇಕಾದದ್ದು ಬೇರೆ ಕಾರಣಕ್ಕೆ. ಚಿತ್ರದ ನಡುವೆ ಕಥೆ ನಿಲ್ಲಿಸಿ ನಾಲ್ವರು ಮುಖ್ಯ ನಟರು ತಮ್ಮ ಪಾತ್ರದ ಬಗ್ಗೆ ತಾವೇ ಮಾತಾಡುತ್ತಾರೆ. ಸಿಡೋ ಕೂಡ ಪಾತ್ರದಿಂದ ಹೊರಗೆ ಬಂದು, ನಟನಾಗಿ, ಕ್ಯಾಮೆರಾ ಮುಂದೆ ಕೂರುತ್ತಾರೆ. ಮೊದಲ ಸಲ ನೋಡುವವರು ಡಿಸ್ಕ್ ಕೆಟ್ಟಿತೋ, ಜಾಹೀರಾತು ಬಂತೋ ಎಂದು ಗಾಬರಿಯಾಗುತ್ತಾರೆ. ಅದು ಚಿತ್ರದ ಭಾಗವೇ, ಮುಂದಕ್ಕೆ ಓಡಿಸಬೇಡಿ.

7. ಎರಡು ಭಾನುವಾರ, ಆರೂವರೆ ಗಂಟೆ

ಒಂದೇ ಒಂದು ಪಾತ್ರ ಉಳಿಸಿಕೊಳ್ಳಿ ಎಂದರೆ ನಾವು ಚದುರಂಗದ ಯೋಧನನ್ನು ಬಿಟ್ಟು ಕಾರ್ಲ್ ಓಸ್ಕರ್‌ನನ್ನು ಇಟ್ಟುಕೊಳ್ಳುತ್ತೇವೆ. ವಿಲ್ಹೆಲ್ಮ್ ಮೂಬೆರ್ಗ್ ಕಾದಂಬರಿಗಳನ್ನು ಆಧರಿಸಿದ ‘ಎಮಿಗ್ರಂಟ್ಸ್’, ‘ನ್ಯೂ ಲ್ಯಾಂಡ್’ 19ನೇ ಶತಮಾನದ ನಡುವೆ ಸ್ವೀಡನ್ನಿನ ಸ್ಮೋಲಂಡ್‌ನ ಕಲ್ಲುಹೊಲ ಬಿಟ್ಟು ಅಮೆರಿಕದ ಮಿನೆಸೋಟಕ್ಕೆ ಗುಳೆ ಹೋದ ರೈತರ ಕಥೆ. ನಿರ್ದೇಶಕ ಯಾನ್ ಟ್ರೊಯೆಲ್ ಕ್ಯಾಮೆರಾ, ಸಂಕಲನವನ್ನೂ ತಾವೇ ಮಾಡಿದ್ದಾರೆ. ಅದಕ್ಕೇ ಕ್ಯಾಮೆರಾ ಯಾವಾಗಲೂ ಕೆಲಸ ಮಾಡುವ ಕೈಗಳ ಹತ್ತಿರವೇ ಸುಳಿದಾಡುತ್ತದೆ.

ನೋಡುವ ಕ್ರಮ: ಒಂದು ಭಾನುವಾರ ಒಂದು, ಮುಂದಿನ ಭಾನುವಾರ ಇನ್ನೊಂದು. ಮಧ್ಯೆ ಬೇರೆ ಚಿತ್ರ ಬೇಡ. ಮೊದಲ ಮುಕ್ಕಾಲು ಗಂಟೆ ನಿಧಾನ: ಕಲ್ಲು ಎತ್ತುವುದು, ಬಿತ್ತುವುದು, ಸಾಲ, ಹಸಿವು. ಅಲ್ಲಿ ಫೋನ್ ಕೈಗೆತ್ತಿಕೊಂಡಿರೋ, ಚಿತ್ರದ ಕೊನೆಯಲ್ಲಿ ಅವನು ಒಂದು ಸರೋವರದ ದಂಡೆಗೆ ಬಂದು, ಮಣ್ಣು ಮುಟ್ಟಿ ನೋಡಿ, ಮರಕ್ಕೊರಗಿ ಕೂರುವುದು ನಿಮಗೆ ಬರೀ ಕೂರುವುದಾಗಿ ಕಾಣುತ್ತದೆ. ಮೂರು ಗಂಟೆ ಅವನ ಜೊತೆ ದುಡಿದವರಿಗೆ ಮಾತ್ರ ಆ ಕೂರುವಿಕೆಯ ಬೆಲೆ ತಿಳಿಯುತ್ತದೆ.

ಎರಡನೇ ಭಾಗದಲ್ಲಿ ಹಿಮಬಿರುಗಾಳಿಗೆ ಸಿಕ್ಕ ಕಾರ್ಲ್ ಓಸ್ಕರ್ ಮಗನನ್ನು ಉಳಿಸಲು ತನ್ನ ಎತ್ತನ್ನೇ ಕೊಂದು, ಅದರ ಒಡಲೊಳಗೆ ಮಗುವನ್ನು ಬೆಚ್ಚಗೆ ಇಡುತ್ತಾನೆ. ನೋಡಲು ಕಷ್ಟ, ಎತ್ತು ಸಾಕಿದವರಿಗೆ ಇನ್ನೂ ಕಷ್ಟ. ಮೊದಲೇ ಗೊತ್ತಿರಲಿ ಎಂದು ಹೇಳುತ್ತಿದ್ದೇವೆ.

8. ಹಾಲಿವುಡ್: ಸೋಸಿ ನೋಡಿ

1965ರಲ್ಲಿ ‘ದಿ ಗ್ರೇಟೆಸ್ಟ್ ಸ್ಟೋರಿ ಎವರ್ ಟೋಲ್ಡ್’ ಚಿತ್ರದ ಯೇಸುವಾಗಿ ಸಿಡೋ ಅಮೆರಿಕದ ತೆರೆಗೆ ಹೋದರು. ಅಲ್ಲಿಂದಾಚೆ ಇಂಗ್ಲಿಷ್ ಚಿತ್ರಗಳ ರಾಶಿಯೇ ಇದೆ, ಅರ್ಧಕ್ಕೂ ಹೆಚ್ಚು ಬಿಟ್ಟರೆ ನಷ್ಟವಿಲ್ಲ. ಈ ಯೇಸುವನ್ನೂ ಬಿಡಬಹುದು. ಚಿತ್ರ ದೊಡ್ಡದು, ನಟನಿಗೆ ಉಸಿರಾಡಲು ಜಾಗ ಚಿಕ್ಕದು.

‘ದಿ ಎಕ್ಸಾರ್ಸಿಸ್ಟ್’ ನೋಡಿ. 1973ರ ಮೂಲ 122 ನಿಮಿಷ, 2000ದಲ್ಲಿ ಸೇರಿಸಿದ ದೃಶ್ಯಗಳೊಂದಿಗೆ ಸುಮಾರು 132. ಮೂಲವೇ ಬಿಗಿ. ಸಿಡೋ ಮೊದಲಲ್ಲಿ ಇರಾಕಿನ ದೃಶ್ಯಗಳಲ್ಲಿ ಬಂದು ಹೋದರೆ ಮತ್ತೆ ಬರುವುದು ಕೊನೆಯ ಭಾಗದಲ್ಲೇ. “ಎಲ್ಲಿ ಹೋದ?” ಎಂದು ಕೇಳುವವರಿಗೆ ಇಷ್ಟೇ ಉತ್ತರ. ಇರಾಕಿನ ಚಹಾ ಅಂಗಡಿಯಲ್ಲಿ ಪಾದ್ರಿ ಹೃದಯದ ಮಾತ್ರೆ ತೆಗೆದುಕೊಳ್ಳುವಾಗ ಬೆರಳು ನಡುಗುತ್ತವೆ. ಮುಖದ ಸುಕ್ಕು ಡಿಕ್ ಸ್ಮಿತ್ ಅವರದ್ದು, ಈ ನಡುಕ ಸಿಡೋದು. ಮೇಕಪ್ಪನ್ನು ನಂಬಿಸಿದ್ದು ನಡುಕವೇ.

‘ತ್ರೀ ಡೇಸ್ ಆಫ್ ದಿ ಕಾಂಡೋರ್’ (1975, 117 ನಿಮಿಷ) ನಮ್ಮ ಪಟ್ಟಿಯ ಅತ್ಯಂತ ಸುಲಭದ ಚಿತ್ರ. ಬರ್ಗ್‌ಮನ್ ಬೇಡವೆಂದು ಮನೆಯವರು ಹಟ ಹಿಡಿದರೆ ಇದನ್ನು ಹಾಕಿ. ಇಲ್ಲಿ ಅವರು ಬಾಡಿಗೆ ಹಂತಕ, ಬಿಡುವಿನಲ್ಲಿ ಪುಟ್ಟ ಸೈನಿಕ ಬೊಂಬೆಗಳಿಗೆ ಸಣ್ಣ ಕುಂಚದಲ್ಲಿ ಬಣ್ಣ ಹಚ್ಚುತ್ತಾನೆ. ಕೊನೆಯಲ್ಲಿ, ತಾನು ಕೊಲ್ಲಬೇಕಿದ್ದವನಿಗೆ ಮುಂದೆ ನಿನ್ನ ಸಾವು ಹೇಗೆ ಬರಬಹುದು ಎಂದು ಮನೆ ಹಿರಿಯನ ಅಕ್ಕರೆಯಲ್ಲಿ ಬುದ್ಧಿ ಹೇಳುತ್ತಾನೆ.

‘ಫ್ಲಾಶ್ ಗಾರ್ಡನ್’ (1980) ಚಿತ್ರದ ಉಂಗುರದ ಖಳ, 1983ರ ಬಾಂಡ್ ಚಿತ್ರದ ಬ್ಲೋಫೆಲ್ಡ್, 1984ರ ‘ಡ್ಯೂನ್’, ಇವೆಲ್ಲ ರಜೆಯ ಮಧ್ಯಾಹ್ನಕ್ಕೆ. ಇಂಥವನ್ನು ಒಪ್ಪಿಕೊಂಡರೆಂದು ಮೂಗು ಮುರಿಯುವವರಿದ್ದಾರೆ. ರೆಪರ್ಟರಿ ನಟನಿಗೆ ಇವತ್ತು ರಾಜ, ನಾಳೆ ಕೋಡಂಗಿ, ಎರಡೂ ಕೆಲಸವೇ.

9. ಕಾಣದ ನಾಟಕಗಳನ್ನು ‘ನೋಡುವುದು’

ಎಡ ಕಾಲಮ್ಮಿಗೆ ಮರಳಿ. 1972ರಲ್ಲಿ ಡ್ರಾಮಾಟೆನ್‌ನಲ್ಲಿ ಇಬ್ಸೆನ್ನನ ‘ದಿ ವೈಲ್ಡ್ ಡಕ್’, ಬರ್ಗ್‌ಮನ್ ನಿರ್ದೇಶನ. 1977ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ಪೆರ್ ಉಲೋವ್ ಎನ್‌ಕ್ವಿಸ್ಟ್ ನಾಟಕದಲ್ಲಿ ಸ್ವೀಡನ್ನಿನ ನಾಟಕಕಾರ ಸ್ಟ್ರಿಂಡ್‌ಬೆರ್ಗ್‌ನ ಪಾತ್ರ, ಎದುರಿಗೆ ಮಾಲ್ಮೊದ ಹಳೆಯ ಜೊತೆಗಾರ್ತಿ ಬಿಬಿ ಆಂಡೆರ್‌ಸನ್. 1981ರಲ್ಲಿ ಅಲ್ಲೇ ‘ಡ್ಯುಯೆಟ್ ಫಾರ್ ಒನ್’. ನಿರ್ದೇಶಿಸಿದವರು ಎಕ್ಸಾರ್ಸಿಸ್ಟ್‌ನ ವಿಲಿಯಂ ಫ್ರೀಡ್‌ಕಿನ್. 1988ರಲ್ಲಿ ಲಂಡನ್ನಿನ ಓಲ್ಡ್ ವಿಕ್‌ನಲ್ಲಿ ‘ದಿ ಟೆಂಪೆಸ್ಟ್’ ನಾಟಕದ ಪ್ರಾಸ್ಪೆರೋ.

ಇವುಗಳನ್ನು ನೋಡುವಂತಿಲ್ಲ. ಆದರೆ ದಾಖಲೆಗಳಿವೆ. ಡ್ರಾಮಾಟೆನ್‌ನ ‘ರೋಲ್‌ಬೋಕೆನ್’ (ಪಾತ್ರಗಳ ಪುಸ್ತಕ) ಜಾಲದಲ್ಲಿದೆ, ಯಾರು ಯಾವಾಗ ಯಾವ ಪಾತ್ರ ಮಾಡಿದರು ಎಂದು ಅದರಲ್ಲಿ ಸಿಗುತ್ತದೆ. ಬರ್ಗ್‌ಮನ್ ಪ್ರತಿಷ್ಠಾನದ ತಾಣದಲ್ಲಿ ನಾಟಕವಾರು ಪುಟಗಳಿವೆ. ಬ್ರಾಡ್‌ವೇ ನಾಟಕಗಳಿಗೆ ಇಂಟರ್ನೆಟ್ ಬ್ರಾಡ್‌ವೇ ಡೇಟಾಬೇಸ್ ಇದೆ. ಮೊದಲು ನಾಟಕದ ಪಠ್ಯ ಓದಿ, ಆಮೇಲೆ ಛಾಯಾಚಿತ್ರ ನೋಡಿ. ಛಾಯಾಚಿತ್ರ ಮೊದಲು ನೋಡಿದರೆ ವೇಷಭೂಷಣ ಮಾತ್ರ ಕಾಣುತ್ತದೆ. ಒಂದು ಕಿವಿಮಾತು: ‘ಮಿಸಾಂತ್ರೋಪ್’ ನಾಟಕ ಓದಿದ ವಾರದಲ್ಲೇ ವುಡಿ ಅಲೆನ್‌ನ ‘ಹಾನಾ ಅಂಡ್ ಹರ್ ಸಿಸ್ಟರ್ಸ್’ (1986) ನೋಡಿ. ಅಲ್ಲಿ ಸಿಡೋ ಜನ ಬೇಡವಾದ ಚಿತ್ರಕಾರ ಫ್ರೆಡ್ರಿಕ್. ಜಗತ್ತನ್ನೆಲ್ಲ ಬೈದು, ಪ್ರೀತಿಸಿದವಳು ಹೊರಟಾಗ ಕುಸಿಯುವ ಆಲ್ಸೆಸ್ಟ್ ನ್ಯೂಯಾರ್ಕಿನ ಮಾಳಿಗೆಮನೆಯಲ್ಲಿ ಕೂತಿದ್ದಾನೆ ಅನ್ನಿಸುತ್ತದೆ.

10. ಕೊನೆಯ ನಾಲ್ಕು ಸಂಜೆ

‘ಪೆಲ್ಲೆ ದಿ ಕಾಂಕರರ್’ (1987) ಸುಮಾರು ಎರಡೂವರೆ ಗಂಟೆ. ಬಿಲ್ಲೆ ಆಗಸ್ಟ್ ನಿರ್ದೇಶನ, 1988ರಲ್ಲಿ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಪಾಮ್ ದೋರ್, ಮುಂದಿನ ವರ್ಷ ವಿದೇಶಿ ಭಾಷೆಯ ಚಿತ್ರಕ್ಕಿರುವ ಆಸ್ಕರ್. ಸಿಡೋಗೆ ಆಸ್ಕರ್ ನಾಮನಿರ್ದೇಶನ ಮೊದಲ ಸಲ ಬಂದದ್ದು ಇದಕ್ಕೇ. ಸ್ವೀಡನ್ನಿನ ಬಡ ವಿಧುರ ಲಾಸೆ ಚಿಕ್ಕ ಮಗನ ಕೈ ಹಿಡಿದು ಡೆನ್ಮಾರ್ಕಿನ ಬೋರ್ನ್‌ಹೋಮ್ ದ್ವೀಪಕ್ಕೆ ಕೂಲಿಗೆ ಬರುತ್ತಾನೆ. ಬಂದರಿನಲ್ಲಿ ಮುದುಕ, ಮಗು ಯಾರಿಗೂ ಬೇಡ. ಚಿತ್ರದಲ್ಲಿ ಡೇನಿಶ್, ಸ್ವೀಡಿಶ್ ಎರಡೂ ಭಾಷೆ ಬೆರೆತಿವೆ. ಬಹಳ ಉಪಶೀರ್ಷಿಕೆಗಳು ಈ ವ್ಯತ್ಯಾಸ ತೋರಿಸುವುದಿಲ್ಲ, ಲಾಸೆ ಪರಭಾಷೆಯವನು ಎಂಬುದನ್ನು ನೀವೇ ನೆನಪಿಟ್ಟುಕೊಳ್ಳಿ. ಮಗನನ್ನು ಅವಮಾನ ಮಾಡಿದವನಿಗೆ ಬುದ್ಧಿ ಕಲಿಸುತ್ತೇನೆಂದು ಬಡಾಯಿ ಕೊಚ್ಚಿ ಹೋಗುವ ಲಾಸೆ, ಎದುರು ನಿಂತಾಗ ಮೆತ್ತಗಾಗಿಬಿಡುತ್ತಾನೆ. ಮಗ ನೋಡುತ್ತಿದ್ದಾನೆ. ಬರ್ಚ್ ಗಿಡ ಕೆಡವಿದ ಅಪ್ಪ, ಬಂಡೆ ಎಬ್ಬಿಸಿದ ಅಪ್ಪ ಇಬ್ಬರನ್ನೂ ನೋಡಿದ ಮೇಲೆ ಈ ಅಪ್ಪನನ್ನು ನೋಡಬೇಕು. ಮೊದಲೇ ನೋಡಿದರೆ ಅರ್ಧ ರುಚಿ ಹೋಯಿತು.

‘ಹಾಮ್ಸುನ್’ (1996) ಮತ್ತೆ ಟ್ರೊಯೆಲ್ ಅವರದ್ದು, ನಾತ್ಸಿಗಳನ್ನು ಬೆಂಬಲಿಸಿ ಹೆಸರು ಕಳೆದುಕೊಂಡ ನಾರ್ವೆಯ ನೊಬೆಲ್ ಲೇಖಕನ ಮುಪ್ಪು. ಸಿಡೋ ಸ್ವೀಡಿಶ್, ಹೆಂಡತಿ ಪಾತ್ರದ ಗೀತಾ ನೋರ್ಬಿ ಡೇನಿಶ್, ಉಳಿದವರು ನಾರ್ವೇಜಿಯನ್ ಮಾತಾಡುತ್ತಾರೆ. ಕಿವಿಗೆ ವಿಚಿತ್ರವೆನಿಸಿದರೆ ಅದು ಡಬ್ಬಿಂಗ್ ದೋಷವಲ್ಲ.

‘ದಿ ಡೈವಿಂಗ್ ಬೆಲ್ ಅಂಡ್ ದಿ ಬಟರ್‌ಫ್ಲೈ’ (2007) ಫ್ರೆಂಚ್ ಚಿತ್ರ. ಸಿಡೋ ಇರುವುದು ಕೆಲವೇ ದೃಶ್ಯ: ಮಗ ಮುದಿ ಅಪ್ಪನ ಗಡ್ಡ ಹೆರೆಯುವುದು ಒಂದು. ಆಮೇಲೆ ಮೈಯೆಲ್ಲ ಸ್ತಬ್ಧವಾಗಿ ಮಾತು ನಿಂತ ಆ ಮಗನಿಗೆ ಅಪ್ಪ ಫೋನ್ ಮಾಡುವುದು ಇನ್ನೊಂದು. ಎರಡನ್ನೂ ಬಿಡದೆ ನೋಡಿ.

ಕೊನೆಯ ಸಂಜೆಗೆ ಜೋಡಿ ಚಿತ್ರ. ಮೊದಲು 1958ರ ‘ಆನ್‌ಸಿಕ್ಟೆತ್’: ಮೂಕನಂತೆ ನಟಿಸುವ ಜಾದೂಗಾರ ಫೋಗ್ಲರ್, ಚಿತ್ರದ ಬಹುಭಾಗ ಬಾಯಿ ಬಿಡುವುದಿಲ್ಲ. ಹತ್ತು ನಿಮಿಷ ಬಿಟ್ಟು 2011ರ ‘ಎಕ್ಸ್‌ಟ್ರೀಮ್ಲಿ ಲೌಡ್ ಅಂಡ್ ಇನ್‌ಕ್ರೆಡಿಬ್ಲಿ ಕ್ಲೋಸ್’, ಇದಕ್ಕೆ 82ನೇ ವಯಸ್ಸಿನಲ್ಲಿ ಎರಡನೇ ನಾಮನಿರ್ದೇಶನ. ಇಲ್ಲೂ ಮಾತು ಬಿಟ್ಟ ಮನುಷ್ಯ, ಹೇಳಬೇಕಾದ್ದನ್ನು ಚೀಟಿಯಲ್ಲಿ ಬರೆಯುತ್ತಾನೆ. ಬರೆಯಲು ಪುರುಸೊತ್ತಿಲ್ಲದಾಗ ಅಂಗೈ ತೋರಿಸುತ್ತಾನೆ: ಒಂದರ ಮೇಲೆ ‘ಹೌದು’, ಇನ್ನೊಂದರ ಮೇಲೆ ‘ಇಲ್ಲ’ ಎಂದು ಹಚ್ಚೆ.